ಸೆಪ್ಟೆಂಬರ್ ತಿಂಗಳ ಅಡುಗೆಮನೆ

ಸ್ಯಾಂತ್-ರೋಸ್, ಮೇನ್
12 ಅಕ್ಟೋಬರ್ 1985

ಮಾರಿಯೆಲ್,

ನಿನ್ನ ಸಿನಿಮಾದ ಜನ ಹೊರಟ ಮೇಲೆ ಮನೆ ಗುಡಿಸಿದ್ದೇನೆ. ಗುಡಿಸಿದ್ದೇನೆ ಅಷ್ಟೇ, ಬೇರೇನನ್ನೂ ಮುಟ್ಟಿಲ್ಲ. ಗಾಬರಿಯಾಗಬೇಡ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದದಲ್ಲಿ ಬಿಡಲೇಬೇಕಾಗುತ್ತದೆ.

ಕ್ಯಾಮೆರಾದ ವಾಲ್ಟ್ ಸಭ್ಯ ಮನುಷ್ಯ. ತಟ್ಟೆಯಲ್ಲಿ ಏನೂ ಬಿಡುವುದಿಲ್ಲ. ಕಿವಿಗೆ ಬಟ್ಟಲು ಕಟ್ಟಿಕೊಂಡು ಧ್ವನಿ ಹಿಡಿಯುವ ಆ ಪೆಗ್ ಮಾತ್ರ ನನ್ನ ಬ್ರೆಡ್ಡಿನ ಡಬ್ಬಿಯೊಳಗೆ ಮೈಕು ಇಟ್ಟಿದ್ದಳು. ಕೇಳಿ ಇಟ್ಟಿದ್ದರೆ ಬೇಡ ಅನ್ನುತ್ತಿರಲಿಲ್ಲ. ಪರವೂರಿನವರು ಮನೆಗೆ ಬರುತ್ತಾರೆಂದು ನಾನು ಪರದೆ ಒಗೆದು ಇಸ್ತ್ರಿ ಮಾಡಿದ್ದೆ. ಒಲೆಯ ಮೇಲಿನ ಹೊಗೆಯ ಕಲೆಯನ್ನೂ ಉಜ್ಜುವುದಕ್ಕೆ ಹೊರಟಿದ್ದೆ. ನೀನು ಒಳಗೆ ಕಾಲಿಟ್ಟವಳೇ ಕಿರುಚಿಕೊಂಡೆ. ಆಮೇಲೆ ಆ ಪರದೆಗೆ ನೀನೇ ಕಾಫಿ ಚಿಮುಕಿಸಿ ಕೊಳೆ ಮಾಡಿದೆ. ನಾನು ನೋಡಿಯೂ ಸುಮ್ಮನಿದ್ದೆ. ಹೆತ್ತವಳಾಗಿದ್ದಕ್ಕೆ ಸುಮ್ಮನಿದ್ದೆ.

ಆದರೆ ಕೊನೆಯ ದಿನದ ವಿಷಯದಲ್ಲಿ ನಾನು ಸರಿ, ನೀನು ತಪ್ಪು. ಅದನ್ನು ಬರೆದಿಡಬೇಕು ಅನ್ನಿಸಿತು.

"ಅಮ್ಮಾ, ಒಂದೇ ಮಾತು. 'ಹೋಗಬೇಡ ಮಗಳೇ' ಅನ್ನು, ಸಾಕು," ಅಂದೆ ನೀನು.

"ಯಾರು ಹಾಗಂದಿದ್ದು? ನೀನು ಬಸ್ಸು ಹತ್ತಿದ ದಿನ ನಾನು ಹಾಗಂದಿದ್ನಾ?"

"ಇಲ್ಲ. ಅದಕ್ಕೇ ಸಿನಿಮಾದಲ್ಲಾದ್ರೂ ಅನ್ನು ಅಂತಿರೋದು."

"ಏನಂದಿದ್ದೆ ನಾನು ಅವತ್ತು?"

"ಬಾಗಿಲು ಹಾಕ್ಕೊಂಡು ಹೋಗು, ಬಿಸಿ ಎಲ್ಲಾ ಆಚೆ ಹೋಗ್ತಿದೆ ಅಂದಿದ್ದೆ."

"ಮತ್ತೆ? ಒಲೆ ಹೊತ್ತಿಸಿದ್ದೆ. ಸೌದೆ ಆಕಾಶದಿಂದ ಬೀಳುತ್ತಾ?"

ನಾನು ನಟಿಯಲ್ಲ ಎಂದು ಮೊದಲೇ ಹೇಳಿದ್ದೆ. ನೀನೇ ಹಟ ಹಿಡಿದು, ನಿನ್ನ ಹಾಗೆ ಕಾವಲಿಗೆ ಪ್ಲೋಯ್ ದೋಸೆ ಹುಯ್ಯುವ ನಟಿ ಯಾರಿದ್ದಾರೆ ಎಂದು ಕೂರಿಸಿದೆ. ನಾನು ಆಡದ ಮಾತನ್ನು ಆಡಿದೆನೆಂದು ಊರಿಗೆಲ್ಲ ತೋರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಅಷ್ಟರಲ್ಲಿ ಸೂರ್ಯ ಕೊಟ್ಟಿಗೆಯ ಹಿಂದೆ ಇಳಿದ. "ಲೈಟ್ ಹೋಯ್ತು" ಎಂದು ವಾಲ್ಟ್ ಡಬ್ಬಿ ಮುಚ್ಚಿದ. ಮರುದಿನ ಬಾಡಿಗೆಯ ಕ್ಯಾಮೆರಾ ಹಿಂತಿರುಗಿಸಬೇಕಿತ್ತು.

ಈಗ ಉಳಿದ ಆ ದೃಶ್ಯಕ್ಕಾಗಿ ಬರುವ ಸುಗ್ಗಿಯವರೆಗೆ ಈ ಅಡುಗೆಮನೆಯಲ್ಲಿ ಒಂದು ಮೊಳೆಯೂ ಅಲುಗಬಾರದು ಅನ್ನುತ್ತೀಯ. ಗೋಡೆಯ ಕ್ಯಾಲೆಂಡರ್ ಸೆಪ್ಟೆಂಬರಿನಲ್ಲೇ ಇರಬೇಕು, ಏಪ್ರನ್ನಿನ ಹರಿದ ಜೇಬು ಹೊಲಿಯಬಾರದು, ನನ್ನ ಕೂದಲು ಕತ್ತರಿಸಬಾರದು. ಆಗಲಿ, ಒಂದು ವರ್ಷ ತಾನೇ. ಆಲೂಗೆಡ್ಡೆ ಆರಿಸುವಾಗ ಒಬ್ಬೊಬ್ಬರಿಗೆ ಗೂಟ ನೆಟ್ಟು ಪಾಲು ಹಂಚುತ್ತೇವಲ್ಲ, ನಮ್ಮ ಮನೆಯವರು ತಮ್ಮ ಪಾಲನ್ನು ಅರ್ಧಕ್ಕೆ ಬಿಟ್ಟು ಎದ್ದವರಲ್ಲ. ನೀನೂ ಬಿಡಬೇಡ.

ನಿನ್ನ ತಾಯಿ,
ಡೆಲ್ವಿನಾ ಮಿಶೋ


ಬ್ರೂಕ್ಲಿನ್
20 ನವೆಂಬರ್ 1985

ಅಮ್ಮಾ,

ರೀಲುಗಳು ತೊಳೆದು ಬಂದವು. ವಾಲ್ಟನ ನೆಲಮಾಳಿಗೆಯಲ್ಲಿ ಗೋಡೆಯ ಮೇಲೆ ಬಿಟ್ಟು ನೋಡಿದೆವು. ಹೊಲದಲ್ಲಿ ಮಕ್ಕಳು ಬುಟ್ಟಿ ಎಳೆಯುವುದು, ಪೀಪಾಯಿಗಳು, ಅಣ್ಣ ಟ್ರ್ಯಾಕ್ಟರಿನ ಮೇಲೆ ನಿದ್ದೆಗಣ್ಣಲ್ಲಿ ಕೂತಿರುವುದು, ಎಲ್ಲ ಚೆನ್ನಾಗಿ ಬಂದಿದೆ. ಮಗಳ ಪಾತ್ರದಲ್ಲಿ ಮೋನಿಕ್ ನೀಲಿ ಕೋಟು ಹಾಕಿಕೊಂಡು ಮೆಟ್ಟಿಲಿಳಿಯುವಾಗ ಅವಳು ನಿನ್ನ ಮೊಮ್ಮಗಳೆಂದು ಯಾರಿಗೂ ಹೇಳಬೇಕಾಗಿಲ್ಲ. ಅದೇ ನಡಿಗೆ.

ಆಮೇಲೆ ನೀನು ಬಂದೆ. ನೀನು ಕಾವಲಿಯ ಕಡೆ ನೋಡದೆಯೇ ಹಿಟ್ಟು ಹುಯ್ಯುತ್ತೀಯ. ಅದು ನನಗೆ ಈವರೆಗೆ ಗೊತ್ತಿರಲಿಲ್ಲ. ಆ ಮನೆಯಲ್ಲೇ ಬೆಳೆದೆ, ಗೊತ್ತಿರಲಿಲ್ಲ. ವಾಲ್ಟ್ ಯಂತ್ರ ನಿಲ್ಲಿಸಿ, "ಇದಕ್ಕೆ ನಾನೇನೂ ಮಾಡಿಲ್ಲ ಕಣೇ," ಅಂದ.

ಉಳಿದಿರುವುದು ಆ ಒಂದೇ ದೃಶ್ಯ. ಆದರೆ ಅದಿಲ್ಲದೆ ಸಿನಿಮಾ ಇಲ್ಲ. ಮಗಳು ಹೊರಡುತ್ತಾಳೆ, ತಾಯಿ ಮಾತಾಡಬೇಕು. ಮಿಕ್ಕಿದ್ದೆಲ್ಲ ಅಲ್ಲಿಗೆ ಹೋಗುವ ದಾರಿ ಮಾತ್ರ. ಇಲ್ಲೇ ಎಲ್ಲಾದರೂ ಒಂದು ಅಡುಗೆಮನೆಯಲ್ಲಿ ತೆಗೆಯಲು ಆಗುವುದಿಲ್ಲ. ಕಿಟಕಿಯಾಚೆ ಅಗೆದ ಹೊಲ ಕಾಣಬೇಕು. ಆ ಓರೆ ಬಿಸಿಲು ನಿಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮಾತ್ರ ಬೀಳುತ್ತದೆ.

ಮಾತಿನ ವಿಷಯ ಆಮೇಲೆ ನೋಡೋಣ. ಕಲೆಯನ್ನು ಉಜ್ಜಬೇಡ.

ಮಾರಿಯೆಲ್


ಸ್ಯಾಂತ್-ರೋಸ್
22 ಮಾರ್ಚ್ 1986

ಮಾರಿಯೆಲ್,

ನಿನ್ನ ಕ್ಯಾಲೆಂಡರಿನಿಂದ ನನ್ನ ಮಾನ ಹೋಗುವುದೊಂದು ಬಾಕಿ ಇದೆ.

ಮೊನ್ನೆ ಪಾದ್ರಿ ಬೆಲಾಂಜೇ ಬಂದಿದ್ದರು. ಕಾಫಿ ಕುಡಿಯುತ್ತ ಗೋಡೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಗೋಡೆ ನೋಡಿದರು.

"ಮೇಡಂ ಮಿಶೋ, ನಿಮ್ಮ ಮನೇಲಿ ಇನ್ನೂ ಹೋದ ವರ್ಷದ ಸೆಪ್ಟೆಂಬರ್ರಾ? ಈಸ್ಟರ್ ಯಾವತ್ತು ಅಂತ ಹೇಗೆ ಗೊತ್ತಾಗುತ್ತೆ ನಿಮಗೆ?"

"ಈಸ್ಟರ್ ಯಾವತ್ತು ಅಂತ ಹೇಳೋದು ನಿಮ್ಮ ಕೆಲಸ, ಪಾದ್ರಿಗಳೇ. ಅದಕ್ಕೇ ತಾನೇ ಊರಿನವರು ನಿಮ್ಮನ್ನ ಇಟ್ಕೊಂಡಿರೋದು?" ಅಂದೆ.

ಅವರು ನಕ್ಕರು. ಆದರೆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಕ್ಕವರು ಅವರೊಬ್ಬರೇ ಅಲ್ಲ. ಆಲ್ಬೆರ್ ಡುಬೆ ಎಂಥವನೆಂದು ನಿನಗೆ ಗೊತ್ತು. "ಡೆಲ್ವಿನಾ, ನಿಮ್ಮನೆ ಗಡಿಯಾರಾನೂ ನಿಲ್ಲಿಸಿದಾಳಾ ನಿನ್ನ ಮಗಳು? ಅಲ್ಲೇ ಬಂದು ಇದ್ದುಬಿಡ್ತೀನಿ, ವಯಸ್ಸಾಗಲ್ಲ," ಎಂದು ಎಲ್ಲರೆದುರು ಕೂಗಿದ. ಅವನಿಗೆ ಉತ್ತರ ಕೊಟ್ಟಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಒಲೆಯ ಮುಂದೆ ನೆಲದ ಹಾಸು ಬಿರಿದು ಎದ್ದಿದೆ. ನಿನ್ನ ಅಣ್ಣ ರೆನಾಲ್ಡ್ ಹೊಸ ಹಾಸು ತಂದು ಸುರುಳಿ ಬಿಚ್ಚುವುದರಲ್ಲಿದ್ದ. "ಸುತ್ತಿಡು," ಅಂದೆ. "ಅಮ್ಮಾ, ಕಾಲು ಸಿಕ್ಕಿ ಬೀಳ್ತೀಯ." "ಬಿದ್ದರೆ ನಾನು ತಾನೇ ಬೀಳೋದು?" ಅವನು ಸುತ್ತಿ ಅಟ್ಟದ ಮೇಲೆ ಹಾಕಿದ. ಅವನ ಹೆಂಡತಿ ಲುಸೀಲ್ ಕೂದಲಿಗೆ ಗುಂಗುರು ಹಾಕಿಸಲು ಹೊರಟಾಗ, "ಬನ್ನಿ ಅತ್ತೆ, ನೀವೂ ಒಂದಿಷ್ಟು ಕತ್ತರಿಸ್ಕೊಳ್ಳಿ, ಹುಲ್ಲಿನ ಮೆದೆ ಥರ ಆಗಿದೆ," ಎಂದು ಕರೆದಳು. ಮೆದೆಯಾಗಿಯೇ ಇರಲಿ ಅಂದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನೀನು ನಿನ್ನ ಕೆಲಸವನ್ನು ಕಲೆ ಅನ್ನುತ್ತೀಯ. ಇರಬಹುದು. ನಾನು ಸನ್ಯಾಸಿನಿಯರ ಕೈಯಲ್ಲಿ ಹೈಸ್ಕೂಲು ಮುಗಿಸಿದವಳು, ಕಲೆ ಎಂದರೇನೆಂದು ನನಗೂ ಗೊತ್ತು. ಆದರೆ ಕಲೆ ನಿನ್ನದು. ಬಿರಿದ ನೆಲದ ಮೇಲೆ ನಿಂತು ಅಡುಗೆ ಮಾಡುವವಳು ನಾನು.

ಸೆಪ್ಟೆಂಬರಿಗೆ ಎಷ್ಟು ಜನ ಬರುತ್ತೀರೆಂದು ಮೊದಲೇ ತಿಳಿಸು. ಮಾಂಸ ಉಪ್ಪಿನಲ್ಲಿ ಹಾಕಿಡಬೇಕು.

ನಿನ್ನ ತಾಯಿ,
ಡೆಲ್ವಿನಾ ಮಿಶೋ


ಬ್ರೂಕ್ಲಿನ್
18 ಆಗಸ್ಟ್ 1986

ಅಮ್ಮಾ,

ಈ ಸೆಪ್ಟೆಂಬರಿನಲ್ಲಿ ಬರಲು ಆಗುವುದಿಲ್ಲ.

ಹೇಗೆ ಹೇಳಿದರೂ ನಿನಗೆ ಸಿಟ್ಟು ಬರುತ್ತದೆ. ಅದಕ್ಕೆ ಮೊದಲ ಸಾಲಿನಲ್ಲೇ ಹೇಳಿದೆ. ಕಲಾಸಂಸ್ಥೆಯ ನೆರವು ಬರಲಿಲ್ಲ. ಮುಗಿಯದ ಸಿನಿಮಾವನ್ನೇ ಇಬ್ಬರು ಮೂವರಿಗೆ ತೋರಿಸಿದೆ. ಒಬ್ಬ ನಿರ್ಮಾಪಕ ಕುರ್ಚಿಯಲ್ಲಿ ಒರಗಿಕೊಂಡು, "ಚೆನ್ನಾಗಿದೆ ಕಣಮ್ಮಾ, ಆದ್ರೆ ಇದ್ರಲ್ಲಿ ಆಗೋದೇನು? ಆಲೂಗೆಡ್ಡೆ ಅಗೀತಾರೆ. ಆಮೇಲೆ?" ಎಂದು ಕೇಳಿದ. ಆಮೇಲೆ ಏನೆಂದು ಹೇಳುವ ದೃಶ್ಯವೇ ನನ್ನ ಹತ್ತಿರ ಇಲ್ಲವಲ್ಲ.

ಹಗಲು ಸಾಬೂನಿನ ಜಾಹೀರಾತಿಗೆ ಎಡಿಟಿಂಗ್ ಮಾಡುತ್ತೇನೆ. ಒಬ್ಬ ಹೆಂಗಸು ಬಿಳಿ ಟವೆಲ್ಲು ಮೂಸಿ ನಗುತ್ತಾಳೆ. ಆ ನಗೆಯನ್ನು ಎಲ್ಲಿ ಕತ್ತರಿಸಬೇಕೆಂದು ನಾಲ್ಕು ಗಂಡಸರು ನನ್ನ ಹಿಂದೆ ನಿಂತು ಜಗಳವಾಡುತ್ತಾರೆ. ವಾಲ್ಟ್ ಮದುವೆಗಳನ್ನು ತೆಗೆಯುತ್ತಿದ್ದಾನೆ.

ಇನ್ನೊಂದು ವರ್ಷ. ಮೋನಿಕ್‌ಗೆ ಅಷ್ಟರಲ್ಲಿ ಉದ್ದ ಬೆಳೆಯಬೇಡ ಎಂದು ಹೇಳು.

ಮಾರಿಯೆಲ್


ಸ್ಯಾಂತ್-ರೋಸ್
21 ಸೆಪ್ಟೆಂಬರ್ 1986

ಮಾರಿಯೆಲ್,

ಇವತ್ತು ಕ್ಯಾಲೆಂಡರಿನಲ್ಲಿ ತಿಂಗಳು ಸರಿಯಾಗಿದೆ. ವರ್ಷ ಮಾತ್ರ ತಪ್ಪು.

ಬಿಸಿಲು ನೀನು ಹೇಳಿದ ಜಾಗಕ್ಕೇ ಬಿತ್ತು. ಕಿಟಕಿಯಾಚೆ ಹೊಲ ಅಗೆದಿತ್ತು. ನಾನು ಆ ಏಪ್ರನ್ ಕಟ್ಟಿಕೊಂಡು ಮೇಜಿನ ಹತ್ತಿರ ಕೂತು ಬೀನ್ಸ್ ಬಿಡಿಸಿದೆ. ಬಿಸಿಲು ಹೋಯಿತು. ಎದ್ದೆ. ಉಪ್ಪು ಹಾಕಿಟ್ಟ ಮಾಂಸವನ್ನು ಹೊಲದ ಆಳುಗಳು ತಿಂದರು.

ಡುಬೆ ಮನೆಯ ಸೊಸೆ ತನ್ನ ಪಾಲನ್ನು ಅರ್ಧಕ್ಕೆ ಬಿಟ್ಟು ಸೊಂಟ ಹಿಡಿದುಕೊಂಡು ಹೋದಳು. ಅದನ್ನು ನಾನು ಆರಿಸಿ ಮುಗಿಸಿದೆ. ನನ್ನ ವಯಸ್ಸಿನಲ್ಲಿ.

ಡೆಲ್ವಿನಾ ಮಿಶೋ


ಬ್ರೂಕ್ಲಿನ್
3 ಫೆಬ್ರವರಿ 1987

ಅಮ್ಮಾ,

ಕುಳಿತುಕೊಂಡು ಓದು.

ಕ್ಯಾಲಿಫೋರ್ನಿಯಾದ ಒಂದು ಕಂಪನಿ ಸಿನಿಮಾವನ್ನು ತೆಗೆದುಕೊಂಡಿದೆ. ಕಥೆ ನನ್ನದೇ, ನಿರ್ದೇಶನವೂ ನನ್ನದೇ. ಆದರೆ ಮೊದಲಿನಿಂದ ಹೊಸದಾಗಿ ತೆಗೆಯಬೇಕಂತೆ. ಅವರಿಗೆ ಹೆಸರಿರುವ ನಟಿ ಬೇಕು. ಹೆಸರು ಕೇಳಿದರೆ ನಿನಗೂ ಗೊತ್ತಾಗುತ್ತದೆ, ಲುಸೀಲ್ ಅತ್ತಿಗೆಯಂತೂ ಕುಣಿಯುತ್ತಾಳೆ. ಅಡುಗೆಮನೆಯನ್ನು ಸ್ಟುಡಿಯೋದಲ್ಲಿ ಕಟ್ಟುತ್ತಾರೆ. ನಾವು ತೆಗೆದದ್ದನ್ನು ಬಳಸುವುದಿಲ್ಲ.

ನಾನು ಕೇಳಲಿಲ್ಲ ಎಂದುಕೊಳ್ಳಬೇಡ. ಅಮ್ಮನನ್ನೇ ಹಾಕಿಕೊಳ್ಳೋಣ ಎಂದೆ. ಅವರು ನಿನ್ನ ರೀಲು ನೋಡಿ ತುಂಬ ಹೊಗಳಿದರು. ತುಂಬ ಹೊಗಳಿದಾಗಲೇ ನನಗೆ ಗೊತ್ತಾಯಿತು.

ನನಗೀಗ ಮೂವತ್ತಮೂರು. ಹನ್ನೆರಡು ವರ್ಷದಿಂದ ಎರವಲು ತಂದ ಕ್ಯಾಮೆರಾದಲ್ಲಿ, ಸ್ನೇಹಿತರ ಪುಕ್ಕಟೆ ದುಡಿಮೆಯಲ್ಲಿ, ಇತರರ ನೆಲಮಾಳಿಗೆಯಲ್ಲಿ ಸಿನಿಮಾ ಮಾಡುತ್ತಿದ್ದೇನೆ. ಒಂದನ್ನಾದರೂ ಜನ ಟಿಕೆಟ್ಟು ತೆಗೆದುಕೊಂಡು ನೋಡಲಿ ಎಂಬ ಆಸೆ. ತಪ್ಪಾ?

ಇನ್ನು ನೀನು ಸ್ವತಂತ್ರಳು. ಕ್ಯಾಲೆಂಡರ್ ಹರಿದು ಒಲೆಗೆ ಹಾಕು. ಗೋಡೆಗೆ ಬಣ್ಣ ಹಚ್ಚಿಸು, ಹೊಸ ಹಾಸು ಹಾಕಿಸು, ಕೂದಲು ಕತ್ತರಿಸಿಕೋ. ನಿನಗೆ ಕೊಟ್ಟ ತೊಂದರೆಗೆಲ್ಲ ಕ್ಷಮೆ ಇರಲಿ.

ಮಾರಿಯೆಲ್


ಸ್ಯಾಂತ್-ರೋಸ್
11 ಫೆಬ್ರವರಿ 1987

ಮಾರಿಯೆಲ್,

ಕಾಗದ ತಲುಪಿತು. ನಿಂತುಕೊಂಡೇ ಓದಿದೆ.

ಲುಸೀಲ್ ಕುಣಿದಳು.

ನನ್ನ ಅಡುಗೆಮನೆಗೆ ಯಾವಾಗ ಬಣ್ಣ ಹಚ್ಚಬೇಕೆಂದು ನನಗೆ ಕ್ಯಾಲಿಫೋರ್ನಿಯಾದವರು ಹೇಳಬೇಕಾಗಿಲ್ಲ.

ಡೆಲ್ವಿನಾ ಮಿಶೋ


ಸ್ಯಾಂತ್-ರೋಸ್
14 ನವೆಂಬರ್ 1988

ಮಾರಿಯೆಲ್,

ನಿನ್ನ ಸಿನಿಮಾ ಪ್ರೆಸ್ಕ್ ಐಲ್ ಪೇಟೆಗೆ ಬಂತು. ನೀನು ಬರುತ್ತೀಯೆಂದು ಊರಿನವರು ಕಾದರು. ನೀನು ಬರಲಿಲ್ಲ. ಭಾನುವಾರ ಪೂಜೆ ಮುಗಿಸಿಕೊಂಡು ಊರಿಗೆ ಊರೇ ಕಾರುಗಳಲ್ಲಿ ಹೊರಟಿತು. ನಾನು ಕರಿಯ ಕೋಟು ಹಾಕಿಕೊಂಡು ಹೋದೆ. ಪಾದ್ರಿಗಳು ನನಗೆ ನಡುವಿನ ಸಾಲಿನಲ್ಲಿ ಜಾಗ ಹಿಡಿದಿದ್ದರು.

ಅಡುಗೆಮನೆ ಕಂಡಿತು. ತಾಮ್ರದ ಪಾತ್ರೆಗಳನ್ನು ಗೋಡೆಗೆ ನೇತುಹಾಕಿದ್ದರು. ಹೊಗೆಯೇ ಇಲ್ಲ, ಕಲೆ ಎಲ್ಲಿಂದ ಬರಬೇಕು? ಆ ನಟಿ ಚೆಲುವೆ, ಇಲ್ಲವೆನ್ನುವುದಿಲ್ಲ. ಆಲೂಗೆಡ್ಡೆ ಆರಿಸಿ ಬಂದವಳ ಉಗುರು ಹಾಗಿರುವುದಿಲ್ಲ, ಇರಲಿ. ಕಾವಲಿಯ ಮೇಲೆ ಪ್ಲೋಯ್ ಹುಯ್ದಳು. ಅದರ ಮೈಮೇಲೆ ತೂತುತೂತಾಗಿ ಕಣ್ಣು ಬಿದ್ದವು. ಒಂದು ಮೈ ಬೆಂದರೆ ಆಯಿತು, ತೆಗೆಯಬೇಕು. ಅವಳು ಸಟ್ಟುಗ ತೆಗೆದುಕೊಂಡು ಅದನ್ನು ಮಗುಚಿ ಹಾಕಿದಳು.

ಇಡೀ ಚಿತ್ರಮಂದಿರ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಆಲ್ಬೆರ್ ಡುಬೆ, "ಡೆಲ್ವಿನಾ, ಯಾವಾಗಿಂದ ಮಗುಚೋಕೆ ಶುರು ಮಾಡ್ದೆ?" ಎಂದು ಕೂಗಿದ. ಯಾರೋ, "ಅವಳ ಮಗಳಿಗೂ ಮರ್ತೋಗಿದೆ ಕಣೋ," ಅಂದರು. ನಾನು ಹಿಂತಿರುಗಿ ನೋಡಲಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದವಳು, ಕಾವಲಿಯ ಪಕ್ಕ ನಿಂತು ಬೆಳೆದವಳು, ಅಷ್ಟೊಂದು ಜನ ಅಲ್ಲಿ ನಿಂತಿರುವಾಗ ಆ ನಟಿಯ ಕೈ ಹಿಡಿದು ನಿಲ್ಲಿಸಲು ನಿನಗೆ ಆಗಲಿಲ್ಲವೇ?

ಕೊನೆಗೆ ಆ ನಟಿ ಮೇಜಿನ ಮೇಲೆ ತಲೆಯಿಟ್ಟು ಅತ್ತು, "ಹೋಗಬೇಡ ಮಗಳೇ" ಅಂದಳು. ಮಗಳು ಪೆಟ್ಟಿಗೆ ಕೆಳಗಿಟ್ಟಳು. ಸಂಗೀತ ಬಂತು. ಲುಸೀಲ್ ಕೂಡ ಅತ್ತಳು.

ನೀನು ಪೆಟ್ಟಿಗೆ ಕೆಳಗಿಟ್ಟಿರಲಿಲ್ಲ. ಅದು ಯಾರ ಮಗಳು? ಯಾರ ತಾಯಿ? ನನಗೆ ಗುರುತು ಸಿಗಲಿಲ್ಲ.

ನಿನ್ನ ತಾಯಿ,
ಡೆಲ್ವಿನಾ ಮಿಶೋ


ಬ್ರೂಕ್ಲಿನ್
9 ಡಿಸೆಂಬರ್ 1988

ಅಮ್ಮಾ,

ಕೈ ಹಿಡಿದು ನಿಲ್ಲಿಸಿದೆ. ಮಗುಚಬೇಡಿ ಎಂದು ಹೇಳಿದೆ. ಆಕೆ ಪಾಪ, ನಿಲ್ಲಿಸಿದಳು. ಆಗ ಕಂಪನಿಯ ಮನುಷ್ಯ ಬಂದು, "ಒಂದೇ ಕಡೆ ಬೇಯಿಸಿದ್ರೆ ಜನ ಹಸಿ ಅಂದ್ಕೋತಾರೆ, ಮಗುಚಿಸು," ಅಂದ. ಎರಡೂ ರೀತಿ ತೆಗೆದೆ. ಯಾವುದನ್ನು ಇಟ್ಟುಕೊಂಡರೆಂದು ನೀನು ನೋಡಿದೆ.

ಎಡಿಟಿಂಗ್ ಕೋಣೆಯಿಂದ ನನ್ನನ್ನು ಹೊರಗಿಟ್ಟರು. ನಾನು ಸಹಿ ಹಾಕಿದ ಕಾಗದದಲ್ಲೇ ಅದಕ್ಕೆ ಅವಕಾಶವಿತ್ತಂತೆ. ಕೊನೆಯ ದೃಶ್ಯವನ್ನು ಬೇರೆ ಯಾರೋ ತೆಗೆದರು. ಮಗಳು ಪೆಟ್ಟಿಗೆ ಕೆಳಗಿಡುತ್ತಾಳೆಂದು ನನಗೂ ಚಿತ್ರಮಂದಿರದಲ್ಲೇ ಗೊತ್ತಾದದ್ದು. ಟಿಕೆಟ್ಟು ತೆಗೆದುಕೊಂಡು ಒಬ್ಬಳೇ ಹೋಗಿದ್ದೆ. ಪರದೆಯ ಮೇಲೆ ನನ್ನ ಹೆಸರಿತ್ತು. ಊರಿಗೆ ಯಾಕೆ ಬರಲಿಲ್ಲವೆಂದು ಈಗ ತಿಳಿಯಿತಲ್ಲ.

ಸಿನಿಮಾ ಓಡಲಿಲ್ಲ. ಓಡದ ಸಿನಿಮಾ ಮಾತ್ರ ನನ್ನದು ಅನ್ನುತ್ತಾರೆ. ಈಗ ಯಾರೂ ಫೋನ್ ಎತ್ತುವುದಿಲ್ಲ. ನಾಯಿ ಬಿಸ್ಕತ್ತಿನ ಜಾಹೀರಾತಿಗೆ ಎಡಿಟರ್ ಬೇಕಾಗಿದ್ದಾರೆ. ಕಾಯಂ ಕೆಲಸ. ಹೂಂ ಅನ್ನೋಣವೆಂದಿದ್ದೇನೆ.

ಹೋದ ವಾರ ವಾಲ್ಟನ ನೆಲಮಾಳಿಗೆಯಲ್ಲಿ ನಮ್ಮ ಹಳೆಯ ರೀಲುಗಳನ್ನು ಮತ್ತೆ ನೋಡಿದೆ. ನೀನು ನೋಡದೆಯೇ ಹುಯ್ಯುತ್ತೀಯ. ಕಣ್ಣು ಬೀಳುತ್ತವೆ, ತೆಗೆಯುತ್ತೀಯ. ಎಲ್ಲ ಇದೆ, ಅಂತ್ಯವೊಂದಿಲ್ಲ. ನೀನು ಬಣ್ಣ ಹಚ್ಚಿಸಿರುತ್ತೀಯ, ಹಚ್ಚಿಸಿದ್ದೇ ಸರಿ. ಅಮ್ಮಾ, ನನಗೆ ಸಾಕಾಗಿದೆ.

ಮಾರಿಯೆಲ್


ಸ್ಯಾಂತ್-ರೋಸ್
2 ಜನವರಿ 1989

ಮಾರಿಯೆಲ್,

ಬಣ್ಣ ಹಚ್ಚಿಸಿಲ್ಲ.

ನಿನಗೆ ತಿಳಿಸದ ಒಂದು ಸಂಗತಿ ಇದೆ. ಹೋದ ವಸಂತದಲ್ಲಿ ನನ್ನ ಪಿತ್ತಕೋಶ ತೆಗೆದರು. ಗಾಬರಿಯಾಗಲು ಅದರಲ್ಲಿ ಏನೂ ಇಲ್ಲ, ಈಗ ಚೆನ್ನಾಗಿದ್ದೇನೆ. ನಮ್ಮ ಊರಿನ ಹೆಂಗಸರ ಪದ್ಧತಿ ನಿನಗೆ ಮರೆತಿರಲಾರದು. ಮನೆಯೊಡತಿ ಆಸ್ಪತ್ರೆ ಸೇರಿದರೆ ಉಳಿದವರು ಗುಂಪಾಗಿ ಬಂದು ಅವಳ ಅಡುಗೆಮನೆ ತೊಳೆದು, ಗೋಡೆಗೆ ಬಣ್ಣ ಬಳಿದು, ಅವಳು ಬರುವ ಹೊತ್ತಿಗೆ ಹೊಸದು ಮಾಡಿಡುತ್ತಾರೆ. ನಾನೇ ಎಷ್ಟು ಮನೆಗಳಿಗೆ ಹೋಗಿ ಬಳಿದಿದ್ದೇನೋ. ಹಾಗಾಗಿ ಹೊರಡುವ ಮೊದಲು ಅಡುಗೆಮನೆಗೆ ಬೀಗ ಹಾಕಿ ಕೀಲಿಯನ್ನು ಜೊತೆಗೆ ಒಯ್ದೆ.

ಮೂರನೆಯ ದಿನ ಲುಸೀಲ್ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದಳು.

"ಅತ್ತೆ, ಊರ ಹೆಂಗಸರೆಲ್ಲ ಬಣ್ಣದ ಡಬ್ಬ ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾರೆ. ಕೀಲಿ ಎಲ್ಲಿ?"

"ದಿಂಬಿನ ಕೆಳಗಿದೆ. ಅಲ್ಲೇ ಇರುತ್ತೆ."

"ಅಯ್ಯೋ, ಅವರಿಗೆ ಏನಂತ ಹೇಳ್ಲಿ?"

"ಏನು ಬಣ್ಣ ತಂದಿದಾರೆ?"

"ಹಳದಿ."

"ಅವರವರ ಮನೆಗೆ ಹಚ್ಕೊಳ್ಳಕ್ಕೆ ಹೇಳು."

ಬೇಸಿಗೆ ಮುಗಿಯುವವರೆಗೂ ಅವರಲ್ಲಿ ಅರ್ಧ ಜನ ನನ್ನನ್ನು ಮಾತಾಡಿಸಲಿಲ್ಲ. ಕ್ಯಾಲಿಫೋರ್ನಿಯಾದವರ ಸಿನಿಮಾ ಆಗಲೇ ತಯಾರಾಗಿತ್ತು, ಇನ್ನು ಯಾರಿಗಾಗಿ ಇಟ್ಟುಕೊಂಡಿದ್ದೀಯ ಎಂದು ರೆನಾಲ್ಡ್ ಕೇಳಿದ. ಮನೆ ನನ್ನದು, ನಾನು ಯಾರಿಗೂ ಕಾರಣ ಕೊಡಬೇಕಾಗಿಲ್ಲ. ನಿನಗೂ ಕೊಡುವುದಿಲ್ಲ.

ರೆನಾಲ್ಡ್ ಗೆಡ್ಡೆ ಕೀಳುವ ಯಂತ್ರ ಕೊಂಡಿದ್ದಾನೆ. ಇನ್ನು ನಮ್ಮ ಹೊಲದಲ್ಲಿ ಮಕ್ಕಳೂ ಇಲ್ಲ, ಬುಟ್ಟಿಯೂ ಇಲ್ಲ, ಪಾಲಿನ ಗೂಟವೂ ಇಲ್ಲ. ಅದನ್ನೆಲ್ಲ ನೀನು ಆಗಲೇ ಕ್ಯಾಮೆರಾದಲ್ಲಿ ಹಿಡಿದುಕೊಂಡಿದ್ದೀಯ. ನಿನ್ನ ಪಾಲಿನಲ್ಲಿ ಉಳಿದಿರುವುದು ಈ ಅಡುಗೆಮನೆ ಒಂದೇ. ನಾಯಿ ಬಿಸ್ಕತ್ತಿನವರ ಹತ್ತಿರ ಬೇಕಾದರೆ ಸೇರಿಕೋ, ದುಡಿದು ತಿನ್ನುವುದರಲ್ಲಿ ಅವಮಾನವಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ರಜೆ ಹಾಕಿ ವಾಲ್ಟನನ್ನೂ ಆ ಮೈಕಿನವಳನ್ನೂ ಕರೆದುಕೊಂಡು ಬಾ. ಬಂದು ಮುಗಿಸು.

'ಹೋಗಬೇಡ' ಎಂಬ ಆ ಮಾತನ್ನು ನಾನು ಆಡುವುದಿಲ್ಲ. ಅದನ್ನು ಆಡಿದ್ದರಿಂದ ಏನಾಯಿತೆಂದು ನೋಡಿದೆಯಲ್ಲ.

ನಿನ್ನ ತಾಯಿ,
ಡೆಲ್ವಿನಾ ಮಿಶೋ


ಬ್ರೂಕ್ಲಿನ್
16 ಅಕ್ಟೋಬರ್ 1989

ಅಮ್ಮಾ,

ಹೋದ ತಿಂಗಳು ಅಲ್ಲಿ ಆ ದೃಶ್ಯ ತೆಗೆದ ದಿನ ನಿನ್ನೆದುರು ಹೇಳಲು ಧೈರ್ಯವಾಗಲಿಲ್ಲ. ಹೇಳಿದ್ದರೆ ವಾಲ್ಟನನ್ನು ನೀನು ಕೊಟ್ಟಿಗೆಯಲ್ಲಿ ಮಲಗಿಸುತ್ತಿದ್ದೆ.

ನಾಲ್ಕು ವರ್ಷ ನೀನು ಎಲ್ಲವನ್ನೂ ಹಿಡಿದಿಟ್ಟೆ. ಕಲೆ, ಪರದೆ, ಕ್ಯಾಲೆಂಡರ್, ಹರಿದ ಜೇಬು. ಹಿಡಿದಿಡಲು ಆಗದಿದ್ದದ್ದು ಮೋನಿಕ್ ಒಬ್ಬಳನ್ನು. ಅವಳು ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲಿ ನಿಂತು, "ಅಜ್ಜೀ, ಈ ಕೋಟಿನ ಗುಂಡಿ ಹಾಕಿ ನೋಡೋಣ," ಎಂದು ನಗುತ್ತಿದ್ದಾಗ ನನಗೆ ಅಳು ಬಂದಿತ್ತು. "ಬೆನ್ನು ತಾನೇ ಕಾಣೋದು? ನೀನೇ ಹಾಕ್ಕೋ," ಎಂದು ಕೋಟನ್ನು ನನ್ನ ಮೇಲೆ ಎಸೆದವಳು ನೀನು.

ಹಾಗೆ ನಾನು ಬಾಗಿಲ ಕಡೆ ತಿರುಗಿ ನಿಂತೆ. ನಿನ್ನ ಮುಖ ನನಗೆ ಕಾಣುತ್ತಿರಲಿಲ್ಲ. ಹಿಂದಿನಿಂದ ನಿನ್ನ ದನಿ ಬಂತು. "ಬಾಗಿಲು ಹಾಕು. ಬಿಸಿ ಎಲ್ಲಾ ಆಚೆ ಹೋಗ್ತಿದೆ." ಅದೇ ದನಿ, ಅದೇ ಸಿಟ್ಟು. ನಾನು ಹಿಡಿಕೆಯ ಮೇಲೆ ಕೈಯಿಟ್ಟೆ. ಹೊರಗೆ ಕಾಲಿಡಬೇಕು, ಬಾಗಿಲು ಎಳೆದುಕೊಳ್ಳಬೇಕು, ದೃಶ್ಯ ಮುಗಿಯಬೇಕು. ನಾನು ಕಾಲಿಡುವುದಕ್ಕೆ ಮುಂಚೆ ನೀನು ಮತ್ತೆ ಮಾತಾಡಿದೆ. ಸ್ಕ್ರಿಪ್ಟಿನಲ್ಲಿ ಇಲ್ಲದ್ದು. ಸಣ್ಣ ದನಿಯಲ್ಲಿ.

"ಒಳಗಿನಿಂದ ಹಾಕು."

ವಾಲ್ಟನ ಕ್ಯಾಮೆರಾದಲ್ಲಿ ಅಷ್ಟರಲ್ಲಿ ರೀಲು ಮುಗಿದಿತ್ತು. "ಬಿಸಿ ಎಲ್ಲಾ" ಎಂಬಲ್ಲಿಗೆ ಚಿತ್ರ ನಿಂತುಹೋಗಿದೆ. ಅದಕ್ಕೇ ಅವನ ಮುಖ ಸುಣ್ಣ ಬಳಿದಂತಾದದ್ದು. ಅದಕ್ಕೇ ನಾನು ಇನ್ನೊಂದು ಟೇಕ್ ಕೇಳಿದ್ದು. ನೀನು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, "ಹೇಳಿದ್ದು ಹೇಳಿಯಾಯ್ತು," ಎಂದು ಆಳುಗಳಿಗೆ ಊಟ ಬಡಿಸಲು ಹೋದೆ.

ಆದರೆ ಪೆಗ್‌ಳ ಯಂತ್ರ ಬೇರೆ. ಅದು ಓಡುತ್ತಲೇ ಇತ್ತು. ಚಿತ್ರವಿಲ್ಲ, ದನಿ ಇದೆ. ಪರದೆಯನ್ನು ಕಪ್ಪಾಗಿ ಬಿಟ್ಟು ಆ ಮಾತನ್ನು ಕೇಳಿಸಬಹುದು. ನೀನು ಒಪ್ಪಿದರೆ ಮಾತ್ರ. ಇಲ್ಲವೇ ಬರುವ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಬಂದು ತೆಗೆಯುತ್ತೇನೆ.

ಮಾರಿಯೆಲ್


ಸ್ಯಾಂತ್-ರೋಸ್
24 ಅಕ್ಟೋಬರ್ 1989

ಮಾರಿಯೆಲ್,

ಮತ್ತೊಮ್ಮೆ ಎಂಬುದಿಲ್ಲ. ಆ ದಿನ ಚಳಿ ಇತ್ತು. ನೀನು ಬಾಗಿಲನ್ನು ಹಾರು ಹೊಡೆದುಕೊಂಡು ನಿಂತಿದ್ದೆ. ಅದಕ್ಕೆ ಹಾಗಂದೆ. ಅದರಲ್ಲಿ ನೀನು ಬೇರೇನನ್ನೂ ಹುಡುಕುವುದು ಬೇಡ.

ನಾಲ್ಕು ವರ್ಷ ಬಿರಿದ ನೆಲದ ಮೇಲೆ ನಾನು ಕಾಲು ಸಿಕ್ಕದೆ ನಡೆದೆ. ರೀಲು ಎಷ್ಟು ಉಳಿದಿದೆಯೆಂದು ನೋಡಿಕೊಳ್ಳಲು ವಾಲ್ಟನಿಗೆ ಆಗಲಿಲ್ಲವೇ? ಇನ್ನು ಅವನಿಗೆ ಎರಡನೆಯ ಸಲ ಬಡಿಸುವುದಿಲ್ಲವೆಂದು ಹೇಳು.

ದನಿ ಇದ್ದರೆ ಇರಲಿ. ಬಳಸು. ನನ್ನ ಮುಖವನ್ನು ನೋಡಿ ಯಾರಿಗೂ ಏನೂ ಆಗಬೇಕಾಗಿಲ್ಲ. ಸಂಗೀತ ಮಾತ್ರ ಹಾಕಬೇಡ.

ನಿನ್ನ ತಾಯಿ,
ಡೆಲ್ವಿನಾ ಮಿಶೋ


ಬ್ರೂಕ್ಲಿನ್
30 ಏಪ್ರಿಲ್ 1990

ಅಮ್ಮಾ,

ಮೂರು ಚಿತ್ರೋತ್ಸವಗಳು ಬೇಡವೆಂದವು. ಕೊನೆಯ ದೃಶ್ಯದಲ್ಲಿ ಚಿತ್ರ ಹೋಗಿದೆ, ಪ್ರತಿ ಕೆಟ್ಟಿರಬೇಕು ಎಂದು ಒಂದರವರು ಡಬ್ಬಿಯನ್ನೇ ತಿರುಗಿ ಕಳಿಸಿದರು. ನಾಲ್ಕನೆಯದರವರು ತೆಗೆದುಕೊಂಡು ಮಧ್ಯಾಹ್ನ, ಊಟದ ಹೊತ್ತಿಗೆ, ಒಂದು ಶಾಲೆಯ ಸಭಾಂಗಣದಲ್ಲಿ ಹಾಕಿದರು. ಮುಂದಿನ ಎರಡು ಸಾಲು ತುಂಬಿತ್ತು. ಅದರಲ್ಲೂ ಕೆಲವರು ಮಳೆಗೆ ಒಳಗೆ ಬಂದವರು.

ಹಿಂದಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಗಾಳಿಗೆ ಬಡಿದುಕೊಳ್ಳುತ್ತಿತ್ತು, ಬೆಳಕಿನ ಒಂದು ಗೆರೆ ಪರದೆಯ ಮೇಲೆ ಬೀಳುತ್ತಿತ್ತು. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಕೊನೆಗೆ ಚಿತ್ರ ಹೋಗಿ ಕತ್ತಲಾಯಿತು. ನಿನ್ನ ದನಿ ಬಂತು. ಆಮೇಲೆ ಆ ಎರಡನೆಯ ಮಾತು.

ಹಿಂದೆ ಒಬ್ಬ ಮುದುಕ ಕೂತಿದ್ದ. ಕತ್ತಲಲ್ಲೇ ಎದ್ದು, ತಡಕಾಡಿಕೊಂಡು ಹೋಗಿ, ಬಾಗಿಲನ್ನು ಒಳಗಿನಿಂದ ಮುಚ್ಚಿ, ಚಿಲಕ ಹಾಕಿ ಬಂದು ಕೂತ.

ಅಷ್ಟೇ. ಬಹುಮಾನವಿಲ್ಲ, ಕೊಳ್ಳುವವರೂ ಬಂದಿಲ್ಲ. ಸೋಮವಾರದಿಂದ ಮತ್ತೆ ನಾಯಿ ಬಿಸ್ಕತ್ತು. ಆದರೆ ನನ್ನ ಪಾಲು ಮುಗಿಯಿತು, ಅಮ್ಮಾ.

ಮಾರಿಯೆಲ್


ಸ್ಯಾಂತ್-ರೋಸ್
8 ಮೇ 1990

ಮಾರಿಯೆಲ್,

ಆ ಮುದುಕ ಒಳ್ಳೆಯ ಮನೆಯಲ್ಲಿ ಬೆಳೆದವನು. ಹೆಸರು ಕೇಳಿಕೊಳ್ಳಬೇಕಿತ್ತು.

ಮುಗಿದದ್ದು ಸಂತೋಷ. ಕೊಳ್ಳುವವರು ಬರಲಿಲ್ಲವೆಂದು ಕೊರಗಬೇಡ. ಒಳ್ಳೆಯ ಗೆಡ್ಡೆಯೂ ಎಷ್ಟೋ ವರ್ಷ ಕೊಳ್ಳುವವರಿಲ್ಲದೆ ನೆಲಮಾಳಿಗೆಯಲ್ಲಿ ಉಳಿದಿದೆ. ಅದಕ್ಕೆ ಮರುವರ್ಷ ಬಿತ್ತುವುದನ್ನು ನಿಮ್ಮಪ್ಪ ಬಿಟ್ಟಿರಲಿಲ್ಲ.

ಕ್ಯಾಲೆಂಡರನ್ನು ನಿನ್ನೆ ಇಳಿಸಿದೆ. ಅದರ ಹಿಂದೆ ಗೋಡೆಯ ಹಸಿರು ಬಣ್ಣ ಅಂಗೈಯಗಲ ಹೊಸದಾಗಿ ಉಳಿದಿತ್ತು. ರೆನಾಲ್ಡ್ ಅಟ್ಟದಿಂದ ಹಾಸು ಇಳಿಸಿದ. ಅದಕ್ಕೂ ನಾಲ್ಕು ವರ್ಷದ ಧೂಳು. ನಾನು ಕೂದಲು ಕತ್ತರಿಸಿಕೊಂಡಿದ್ದೇನೆ, ಮೋನಿಕ್‌ಳ ಮಗು ನನ್ನ ಗುರುತು ಸಿಗದೆ ಅತ್ತಿತು.

ಊರ ಹೆಂಗಸರು ಮತ್ತೆ ಬಂದಿದ್ದಾರೆ. ಆ ಹಳದಿಯ ಡಬ್ಬಗಳನ್ನು ಇನ್ನೂ ಇಟ್ಟುಕೊಂಡಿದ್ದರಂತೆ. ಇದನ್ನು ಬರೆಯುವಾಗ ಲುಸೀಲ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ, "ಅತ್ತೆ, ಹಳದೀನೇ ತಾನೇ? ಮುಚ್ಚಳ ತೆಗೀಲಾ?"

ಬೇಡ ಅಂದೆ. ಕ್ಯಾಲೆಂಡರಿನ ಹಿಂದೆ ಉಳಿದ ತುಣುಕನ್ನು ತೋರಿಸಿದೆ. ಅದೇ ಹಸಿರು ಹಚ್ಚಿ ಅಂದೆ.

ನಿನ್ನ ತಾಯಿ,
ಡೆಲ್ವಿನಾ ಮಿಶೋ